ಫಣಿಯಮ್ಮನನ್ನು ತೆರೆಗೆ ತಂದ ಪ್ರೇಮಾ ಕಾರಂತ

ಸಿನಿಮಾ ಮುಗಿದ ಮೇಲೆ ನಾಯಕ, ನಾಯಕಿಯ ಹೆಸರು ನೆನಪಿರುತ್ತದೆ. ದುಡ್ಡು ಹೊಂದಿಸಿದವರು ಯಾರು, ಚಿತ್ರಕಥೆ ಬರೆದವರು ಯಾರು ಎಂದು ಕೇಳುವವರು ಕಡಿಮೆ. ಈ ಕೆಲಸಗಳು ಬಹುಕಾಲ ಗಂಡಸರ ಕೈಯಲ್ಲೇ ಇದ್ದವು. 1943ರಲ್ಲಿ ನಟಿ ಎಂ.ವಿ. ರಾಜಮ್ಮ ‘ರಾಧಾರಮಣ’ ಚಿತ್ರ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿದರು. ಸುಮಾರು ನಾಲ್ಕು ದಶಕಗಳ ನಂತರ ಇನ್ನೂ ಮುಂದೆ ಹೋದವರು ಪ್ರೇಮಾ ಕಾರಂತ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತ ಓಡಾಡುವವಳು ನಾನು. ಹಾಡು, ಕುಣಿತ, ಮಾತು ಎಲ್ಲದರಲ್ಲೂ ಹುಡುಗಿಯರು ಮುಂದು. ‘ನಾಟಕ ಮಾಡಿಸೋರು ಯಾರು?’ ಎಂದರೆ ಮಾತ್ರ ಎಲ್ಲರೂ ಹುಡುಗರ ಕಡೆ ನೋಡುತ್ತಾರೆ. ಆಗ ನಾನು ಪ್ರೇಮಾ ಅವರ ಕಥೆ ಹೇಳುತ್ತೇನೆ.

ಪ್ರೇಮಾ ಹುಟ್ಟಿದ್ದು 1936ರಲ್ಲಿ, ಭದ್ರಾವತಿಯಲ್ಲಿ. ಚಿಕ್ಕಂದಿನಲ್ಲೇ ತಂದೆ–ತಾಯಿಯನ್ನು ಕಳೆದುಕೊಂಡರು. ಓದಿ ಶಿಕ್ಷಕಿಯಾದರು. ರಂಗಕರ್ಮಿ ಬಿ.ವಿ. ಕಾರಂತರನ್ನು ಮದುವೆಯಾದ ಮೇಲೂ ಕಲಿಯುವುದನ್ನು ಬಿಡಲಿಲ್ಲ; ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದರು. ಮಕ್ಕಳಿಗಾಗಿ ನಾಟಕ ಆಡಿಸಿದರು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ವಸ್ತ್ರವಿನ್ಯಾಸ ಮಾಡುತ್ತ ಸಿನಿಮಾ ಕೆಲಸವನ್ನು ಒಳಗಿನಿಂದ ಕಂಡರು.

ಆಮೇಲೆ ತಮ್ಮದೇ ಚಿತ್ರಕ್ಕೆ ಕೈ ಹಾಕಿದರು. ಆರಿಸಿಕೊಂಡದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ. ಮಲೆನಾಡಿನ ಪುಟ್ಟ ಹುಡುಗಿಗೆ ಆಟದ ವಯಸ್ಸಿನಲ್ಲೇ ಮದುವೆ. ಗಂಡ ಹಾವು ಕಚ್ಚಿ ಸಾಯುತ್ತಾನೆ. ಅವಳ ಬಳೆ, ಹೂವು, ಕೊನೆಗೆ ತಲೆಗೂದಲೂ ಹೋಗುತ್ತವೆ. ಅವಳು ಊರಿನವರ ಬಾಣಂತನಕ್ಕೆ ನೆರವಾಗುತ್ತ, ಜಾತಿಯ ಗೆರೆ ದಾಟಿ ಹೆರಿಗೆಗೂ ಹೋಗುತ್ತ ದೀರ್ಘಕಾಲ ಬಾಳುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ವಿಧವೆಯ ಪರ ನಿಲ್ಲುತ್ತಾಳೆ.

ಹಾಡು–ಹೊಡೆದಾಟಗಳಿಲ್ಲದ ಇಂಥ ಕಥೆಗೆ ಚಿತ್ರಕಥೆ, ನಿರ್ಮಾಣ, ನಿರ್ದೇಶನ ಮೂರನ್ನೂ ಪ್ರೇಮಾ ಹೊತ್ತರು. ಎಲ್.ವಿ. ಶಾರದಾ ಫಣಿಯಮ್ಮನಾದರು. ಬಿ.ವಿ. ಕಾರಂತರು ಸಂಗೀತ ನೀಡಿದರು. ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಅವರು ‘ನಕ್ಕಳಾ ರಾಜಕುಮಾರಿ’ ಎಂಬ ಮಕ್ಕಳ ಚಿತ್ರವನ್ನೂ ಮಾಡಿದರು. 2007ರಲ್ಲಿ ತೀರಿಕೊಂಡರು.

ಮಕ್ಕಳೇ, ಇದು ಹಳೆಯ ಕಾಲದ ಕಥೆ ಎಂದುಕೊಳ್ಳಬೇಡಿ. ಕಳೆದ ವರ್ಷ ನಮ್ಮ ನಾಟಕದ ರಾಣಿ, ಒಂಬತ್ತನೆಯ ತರಗತಿಯ ಹುಡುಗಿ, ಮೂರು ದಿನ ತಾಲೀಮಿಗೆ ಬರಲಿಲ್ಲ. ಮನೆಗೆ ಹೋದರೆ ‘ಹೆಣ್ಣು ನೋಡಾಕ ಬರೋರದಾರ್ರೀ ಟೀಚರ್’ ಎಂದಳು ಅವಳ ಅವ್ವ. ನಾನು ಕಾನೂನಿನ ಮಾತು ತೆಗೆಯುವ ಮೊದಲು ಫಣಿಯಮ್ಮನ ಕಥೆ ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ನನಗೂ ಹದಿಮೂರಕ್ಕ ಮದುವಿ ಮಾಡಿದ್ರು’ ಎಂದಳು. ಮರುದಿನ ಮಗಳನ್ನು ತಾನೇ ಶಾಲೆಗೆ ಕರೆತಂದಳು. ಈಗ ಆ ಹುಡುಗಿ ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಾಳೆ. ಈ ಸಲದ ನಾಟಕ ಬರೆಯುತ್ತಿರುವವಳೂ ಅವಳೇ.

ಹೆಣ್ಣುಮಕ್ಕಳಿಗೆ 18 ತುಂಬುವ ಮೊದಲು ಮದುವೆ ಮಾಡುವಂತಿಲ್ಲ. ನಿಮ್ಮ ಗೆಳತಿಗೆ ಇಂಥ ತೊಂದರೆ ಬಂದರೆ ಟೀಚರಿಗೆ ಹೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ.