ಭಾನುವಾರದ ಅಬಿಡ್ಸ್

ಭಾನುವಾರ ಬೆಳಿಗ್ಗೆ ಅಬಿಡ್ಸ್‌ನಲ್ಲಿ ಬಹಳಷ್ಟು ಅಂಗಡಿಗಳ ಶಟರ್ ಇಳಿದಿರುತ್ತದೆ. ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ಸಂತೆ ಹರಡಿಕೊಳ್ಳುತ್ತದೆ. ಹೈದರಾಬಾದಿಗೆ ಬಂದ ಕನ್ನಡಿಗರಲ್ಲಿ ಓದುವ ಚಟ ಇದ್ದವರು ಒಮ್ಮೆಯಾದರೂ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ನಾನು ಈ ಊರಿಗೆ ಬಂದು ನಾಲ್ಕು ವರ್ಷವಾದರೂ ಅದನ್ನು ನೋಡಿರಲಿಲ್ಲ. ಸಂತೆ ನಡೆಯುವುದು ಭಾನುವಾರ, ಭಾನುವಾರ ನಾನು ಸಭೆಯಲ್ಲಿರಬೇಕಿತ್ತು.

ನಮ್ಮದು ಬೀದರ್ ಜಿಲ್ಲೆ. ಅಲ್ಲಿ ಕ್ರೈಸ್ತರೆಂದರೆ ಹೆಚ್ಚಾಗಿ ಮೆಥಡಿಸ್ಟರು, ನಮ್ಮಜ್ಜನೂ ಅವರಲ್ಲೊಬ್ಬ. ಅಪ್ಪ ಅದನ್ನು ಬಿಟ್ಟು ಒಂದು ಸಣ್ಣ ಸ್ವತಂತ್ರ ಸಭೆ ಸೇರಿದ. ಪಾದ್ರಿ ಇಲ್ಲ, ಬಿಷಪ್ ಇಲ್ಲ, ಕ್ರಿಸ್‌ಮಸ್ ಕೂಡ ಇಲ್ಲ. ಬೈಬಲ್ ಒಂದೇ. ಅವ್ವ ಕಿವಿಯೋಲೆ ಬಿಚ್ಚಿಟ್ಟಳು. ಸಿನಿಮಾ, ಜಾತ್ರೆ, ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಶಿರಾ, ಎಲ್ಲವೂ ಲೋಕದವರ ಬಾಬತ್ತು.

ಎಲ್ಲಕ್ಕಿಂತ ದೊಡ್ಡದು ಕರ್ತನ ಬರೋಣ. ಯಾವ ಗಳಿಗೆಯಲ್ಲಾದರೂ ಬಂದು ತನ್ನವರನ್ನು ಮೇಲಕ್ಕೆ ಒಯ್ಯುತ್ತಾನೆ, ಉಳಿದವರು ಇಲ್ಲೇ ಮಹಾಸಂಕಟಕ್ಕೆ ಸಿಗುತ್ತಾರೆ. ಎಂಟು ವರ್ಷದವಳಿದ್ದಾಗ ಒಂದು ದಿನ ಶಾಲೆಯಿಂದ ಬಂದರೆ ಮನೆಯ ಬಾಗಿಲು ತೆರೆದಿತ್ತು, ಒಲೆಯ ಮೇಲೆ ಬ್ಯಾಳಿ ಕುದಿಯುತ್ತಿತ್ತು, ಅವ್ವ ಇರಲಿಲ್ಲ. ಕೂಗಿದೆ. ಹಿತ್ತಲಲ್ಲೂ ಇಲ್ಲ. ಆಗಿಹೋಯಿತು, ಎಲ್ಲರನ್ನೂ ಒಯ್ದ, ನನ್ನನ್ನು ಬಿಟ್ಟ ಅಂದುಕೊಂಡೆ. ಅವ್ವ ಓಣಿಯ ಕೊನೆಯ ನಳದಿಂದ ಕೊಡ ಹೊತ್ತು ಬರುವ ಹೊತ್ತಿಗೆ ನನಗೆ ಉಸಿರು ಕಟ್ಟಿತ್ತು. ಇವತ್ತಿಗೂ ಫೋನ್ ಮಾಡಿದಾಗ ಯಾರೂ ಎತ್ತದಿದ್ದರೆ ಹೊಟ್ಟೆಯಲ್ಲಿ ಅದೇ ತಳಮಳ.

ಹದಿನೈದಕ್ಕೆ ದೀಕ್ಷಾಸ್ನಾನವಾಯಿತು. ಆಗೊಮ್ಮೆ ಹಿರಿಯರನ್ನು ಕೇಳಿದೆ: ಒಂದನೇ ಕೊರಿಂಥದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅಂತ ಇದೆ, ಹಾಗಿದ್ದರೆ 11ನೇ ಅಧ್ಯಾಯದಲ್ಲಿ ಮುಸುಕು ಹಾಕಿಕೊಂಡು ಪ್ರಾರ್ಥನೆ, ಪ್ರವಾದನೆ ಮಾಡುವ ಹೆಂಗಸರು ಯಾರು? ಉತ್ತರ ಬರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ನನ್ನೊಂದಿಗೆ ಎರಡು ದಿನ ಮಾತಾಡಲಿಲ್ಲ.

ಹೈದರಾಬಾದಿನಲ್ಲಿ ಕೆಲಸ ಸಿಕ್ಕಾಗ ಅಪ್ಪನೇ ಬಂದು ಅಂಥದ್ದೇ ಇನ್ನೊಂದು ಸಭೆಗೆ ನನ್ನನ್ನು ಸೇರಿಸಿ ಹೋದ. ನಾಲ್ಕನೇ ವರ್ಷ ಆಫೀಸಿನ ಗೆಳತಿಯ ಮದುವೆಗೆ ಗುಡಿಯ ಕಲ್ಯಾಣಮಂಟಪಕ್ಕೆ ಹೋಗಿ ಉಂಡು ಬಂದೆ. ಅದು ಹೇಗೋ ಹಿರಿಯರಿಗೆ ಗೊತ್ತಾಯಿತು. ಪಶ್ಚಾತ್ತಾಪ ಪಡುವವರೆಗೆ ರೊಟ್ಟಿ ಮುರಿಯುವುದರಲ್ಲಿ ಪಾಲಿಲ್ಲ, ಹಿಂದಿನ ಸಾಲಿನಲ್ಲಿ ಕೂರಬೇಕು ಎಂದರು. ಮೂರು ವಾರ ಕೂತೆ. ನಾಲ್ಕನೇ ಭಾನುವಾರ ಬಿಳಿ ಸೀರೆ ಉಟ್ಟು, ಚೀಲದಲ್ಲಿ ಬೈಬಲ್ ಇಟ್ಟುಕೊಂಡು ಬಸ್ ಹತ್ತಿದವಳು ಅಬಿಡ್ಸ್‌ನಲ್ಲಿ ಇಳಿದುಬಿಟ್ಟೆ.

ಜಿಪಿಓ ಕಡೆಯಿಂದ ನಡೆದು ಬರುವಾಗ ಇಂಜಿನಿಯರಿಂಗ್ ಗೈಡುಗಳು, ಹಳೆಯ ರೀಡರ್ಸ್ ಡೈಜೆಸ್ಟುಗಳ ನಡುವೆ ಕಪ್ಪು ರಟ್ಟಿನ ದಪ್ಪ ಬೈಬಲ್ ಒಂದು ಕಂಡಿತು. ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್. "ಸೌ ದೇ ದೋ, ಅಮ್ಮಾ" ಅಂದ ಹುಡುಗ. ಚೌಕಾಸಿ ಮಾಡದೆ ನೂರು ರೂಪಾಯಿ ಕೊಟ್ಟೆ.

ತಾಜ್ ಮಹಲ್ ಹೋಟೆಲಿನಲ್ಲಿ ಇಡ್ಲಿ ತರಿಸಿಕೊಂಡು ಪುಟ ತೆರೆದೆ. ಮೇಲೆ ವಚನ, ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಓದುತ್ತ ಓದುತ್ತ ಇಡ್ಲಿ ಆರಿಹೋಯಿತು. ದೇವರು ಮನುಷ್ಯರನ್ನು ಏಳು ಯುಗಗಳಲ್ಲಿ ಏಳು ರೀತಿ ಪರೀಕ್ಷಿಸುತ್ತಾನೆ ಎನ್ನುವುದು ನಮ್ಮೂರ ಸಭೆಯ ಗೋಡೆಯಲ್ಲಿ ಬಟ್ಟೆಯ ಚಾರ್ಟಾಗಿ ತೂಗುತ್ತಿತ್ತು. ಅದು ಇಲ್ಲಿತ್ತು, ಆದರೆ ಕೆಳಗಿನ ಸಣ್ಣ ಅಕ್ಷರದಲ್ಲಿ. ಹಿರಿಯರು ದೇವರ ವಾಕ್ಯವೆಂದು ಬೋಧಿಸಿದ್ದ ಎಷ್ಟೋ ಮಾತು ವಾಕ್ಯವೇ ಆಗಿರಲಿಲ್ಲ. ವಕೀಲನಾಗಿದ್ದು ಆಮೇಲೆ ಪಾಸ್ಟರ್ ಆದ ಸೈರಸ್ ಸ್ಕೋಫೀಲ್ಡ್ ಎಂಬ ಅಮೆರಿಕದವನ ಟಿಪ್ಪಣಿ, ಮೊದಲು ಅಚ್ಚಾಗಿದ್ದು 1909ರಲ್ಲಿ. ಆದಿಕಾಂಡದ ಅಂಚಿನಲ್ಲಿ ಸೃಷ್ಟಿಯ ವರ್ಷ ಕ್ರಿಸ್ತಪೂರ್ವ 4004 ಎಂದಿತ್ತು. ಅದು 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಹಾಕಿದ ಲೆಕ್ಕ. ಬಿಷಪ್ಪರೇ ಬೇಡವೆಂದ ನಮ್ಮ ಸಭೆ ಒಬ್ಬ ಆರ್ಚ್‌ಬಿಷಪ್ಪರ ಲೆಕ್ಕವನ್ನು ನಂಬಿಕೊಂಡಿತ್ತು ಅಂತ ನಗು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು.

ಮುಂದಿನ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಮಹಾಸಂಕಟಕ್ಕೆ ಮುಂಚೆಯೇ ಗುಟ್ಟಾಗಿ ಸಭೆಯನ್ನು ಒಯ್ಯಲಾಗುತ್ತದೆ ಎಂಬ ಬೋಧನೆಯನ್ನು ಹರಡಿದವರಲ್ಲಿ ಮುಖ್ಯನಾದವನು, ಐರ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾಗಿದ್ದು ಅದನ್ನು ಬಿಟ್ಟ ಜಾನ್ ನೆಲ್ಸನ್ ಡಾರ್ಬಿ. ಅದು 1830ರ ಆಸುಪಾಸಿನ ಮಾತು. ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಕನ್ನಡ ಬೈಬಲನ್ನು ಮುಗಿಸಿದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಅಂದರೆ ಎಂಟು ವರ್ಷದ ನನ್ನನ್ನು ಅಳಿಸಿದ ಆ ಭಯಕ್ಕೆ ಕನ್ನಡ ಬೈಬಲಿನಷ್ಟೇ ವಯಸ್ಸು. 'ಮೂಲಭೂತವಾದಿ' ಅಂತ ಈಗ ಎಲ್ಲ ಧರ್ಮದವರಿಗೂ ಅಂಟಿಸುತ್ತೇವಲ್ಲ, ಅದರ ಇಂಗ್ಲಿಷ್ ಪದದ ಬೇರೂ ಇಲ್ಲೇ ಇದೆ: 1910ರಿಂದ 1915ರವರೆಗೆ ಅಮೆರಿಕದಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ದುಡ್ಡಿನಲ್ಲಿ ಹಂಚಿದ 'ದಿ ಫಂಡಮೆಂಟಲ್ಸ್' ಎಂಬ ಹನ್ನೆರಡು ಸಂಪುಟಗಳಲ್ಲಿ.

ಕಷ್ಟದ್ದು ಆಮೇಲೆ ಬಂತು. ಟಿಪ್ಪಣಿ ಮನುಷ್ಯನದು ಅಂದುಕೊಳ್ಳುವುದು ಸುಲಭ. ಆದರೆ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಅತಿ ಹಳೆಯ ಎರಡು ಕೈಬರಹದ ಪ್ರತಿಗಳಲ್ಲಿ ಇಲ್ಲ. ಯೋಹಾನನಲ್ಲಿ ಕಲ್ಲೇಟಿನಿಂದ ಉಳಿದ ಹೆಂಗಸಿನ ಕಥೆಯೂ ಅವುಗಳಲ್ಲಿ ಇಲ್ಲ. ನನಗೆ ಅತ್ಯಂತ ಇಷ್ಟವಾದ ಕಥೆ ಅದು! ಹಲವು ರಾತ್ರಿ ನಿದ್ದೆ ಬರಲಿಲ್ಲ. ಯಾರೋ ಒಬ್ಬ ನಕಲುಗಾರ ಆ ಕಥೆಯನ್ನು ಬಿಟ್ಟುಕೊಡಲಾರದೆ ಒಳಗೆ ಸೇರಿಸಿರಬೇಕು ಅಂದುಕೊಂಡ ಮೇಲೆ ಅದು ಇನ್ನೂ ಹತ್ತಿರವಾಯಿತು. ಇದು ವಾದವಲ್ಲ, ನನಗೆ ಆದದ್ದು ಇಷ್ಟು.

ಆ ಸಭೆಯವರನ್ನು ಬೈಯಲಾರೆ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಊರಿನ ಸಹೋದರರು ಸರದಿಯ ಮೇಲೆ ಕಾರಿಡಾರಿನ ನೆಲದಲ್ಲಿ ಮಲಗಿದರು. ರಕ್ತ ಕೊಟ್ಟರು, ಹೆಣ ಹೊತ್ತರು. ಮಣ್ಣು ಮಾಡಿದ ಸಂಜೆ ಅವರಲ್ಲೇ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮಪ್ಪ ನಿನ್ನ ಚಿಂತೆಯಲ್ಲೇ ಹೋದ ಎಂದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನನ್ನಿಂದ ಆಗುವುದಿಲ್ಲ.

ಅವ್ವನಿಗೆ ನನ್ನ ಮೇಲೆ ಸಿಟ್ಟಿಲ್ಲ, ಹೆದರಿಕೆ. "ಯವ್ವಾ, ಡಾರ್ಬಿ ಗೀರ್ಬಿ ನನಗ ತಿಳೀದಿಲ್ಲ. ಕರ್ತ ಬಂದಾಗ ನೀ ನನ್ನ ಬಾಜು ಇರ್ತೀಯೋ ಇಲ್ಲೋ, ಅದೊಂದ ಹೇಳು" ಎಂದಳು ಒಮ್ಮೆ. ನಾನು ಎಂಟು ವರ್ಷದವಳಾಗಿ ಖಾಲಿ ಮನೆಯಲ್ಲಿ ನಿಂತು ಅತ್ತಿದ್ದೆ. ಈಗ ಎಪ್ಪತ್ತರ ಹತ್ತಿರದಲ್ಲಿ ಅವಳು ಅದೇ ಮನೆಯಲ್ಲಿ ಹಾಗೆ ನಿಂತಿದ್ದಾಳೆ. 1909 ಎಂಬ ಇಸವಿ ಅವಳಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಅಬಿಡ್ಸ್‌ನಲ್ಲಿ ಸೇಂಟ್ ಜಾರ್ಜ್ ಚರ್ಚೂ ಇದೆ. ಕೆಲವು ಭಾನುವಾರ ಪುಸ್ತಕದ ಚೀಲ ಹಿಡಿದೇ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಕೆಲವು ಭಾನುವಾರ ಹೋಗುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಸಭೆ ಮುಗಿಸಿ ಬಂದ ಅವ್ವನ ಫೋನ್ ಬರುತ್ತದೆ.

"ಎಲ್ಲಿ ಹೋಗಿದ್ದಿ ಇವತ್ತ?"

"ಅಬಿಡ್ಸಿಗಿ, ಅವ್ವಾ."

ಅಲ್ಲಿ ದೇವಾಲಯ ಇದೆ ಅಂತ ಅವಳಿಗೆ ಗೊತ್ತು. ಪುಸ್ತಕದ ಸಂತೆ ಇದೆ ಅಂತಲೂ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟ ಆಯಿತೇ ಎಂದು ಕೇಳುತ್ತಾಳೆ.