ಕೆಂಪು ಮಣ್ಣಿನಲ್ಲಿ ರಂಜಕದ ಸದ್ಬಳಕೆ

ಆಂಡರ್ಸನ್‌ಪೇಟೆ, ಬಂಗಾರಪೇಟೆ ಸುತ್ತಿನ ಕೆಂಪು ಹೊಲಗಳಲ್ಲಿ ರಾಗಿ ಪೈರು ಹುಟ್ಟಿ ಮೂರ್ನಾಲ್ಕು ವಾರವಾದರೂ ತೆಂಡೆಯೊಡೆಯದೆ ಕುಳ್ಳಾಗಿ ನಿಲ್ಲುವುದುಂಟು. ಕೆಲವೊಮ್ಮೆ ಕೆಳಗಿನ ಎಲೆಗಳಿಗೆ ನೇರಳೆ ಛಾಯೆಯೂ ಬರುತ್ತದೆ. ಇಂಥ ಪೈರಿಗೆ ಯೂರಿಯಾ ಎರಚಿದರೆ ಹಣ ಕಳೆದಂತೆಯೇ. ಇದು ರಂಜಕದ ಕೊರತೆಯ ಲಕ್ಷಣ.

ಒಂದು ರಂಜಕದ ಪರಮಾಣುವಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿದರೆ ಫಾಸ್ಫೇಟ್ ಆಗುತ್ತದೆ. ಬೇರುಗಳು ರಂಜಕವನ್ನು ಹೀರುವುದು ಈ ರೂಪದಲ್ಲಿಯೇ. ಜೀವಕೋಶದಲ್ಲಿ ಇದರ ಮುಖ್ಯ ಕೆಲಸಗಳು ಮೂರು. ವಂಶಗುಣಗಳನ್ನು ಹೊತ್ತ ಡಿ.ಎನ್.ಎ. ಎಳೆಯನ್ನು ಇದು ಕೊಂಡಿಯಂತೆ ಜೋಡಿಸುತ್ತದೆ. ಕೋಶದ ಪೊರೆಯ ಕೊಬ್ಬಿನಲ್ಲಿಯೂ ಇದು ಸೇರಿದೆ. ಮೂರನೆಯದು ಶಕ್ತಿಯ ಸಾಗಣೆ. ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿವೆ. ಇದು ನೀರಿನೊಡನೆ ವರ್ತಿಸಿ ತುದಿಯ ಗುಂಪು ಕಳಚಿದಾಗ ದೊರೆಯುವ ಶಕ್ತಿಯಿಂದ ಕೋಶದ ಕೆಲಸ ನಡೆಯುತ್ತದೆ. ಎಲೆ ಬಿಸಿಲಿನ ಬಲದಿಂದ ಆ ಗುಂಪನ್ನು ಮತ್ತೆ ಜೋಡಿಸುತ್ತದೆ. ದನಕರುಗಳಲ್ಲಿ, ನಮ್ಮಲ್ಲಿ ಕೂಡ ತಿಂದ ಆಹಾರದ ಶಕ್ತಿ ಹೀಗೆಯೇ ಬಳಕೆಯಾಗುತ್ತದೆ. ರಂಜಕ ಸಾಲದಾದರೆ ಪೈರು ಹಳೆಯ ಎಲೆಗಳಿಂದ ಅದನ್ನು ತೆಗೆದು ಎಳೆಯ ಭಾಗಗಳಿಗೆ ಕಳಿಸುತ್ತದೆ. ಆದ್ದರಿಂದಲೇ ಚಿಹ್ನೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ.

ಗೊಬ್ಬರ ಹಾಕಿದರೂ ಕೊರತೆ ಏಕೆ? ನಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಸಂಯುಕ್ತಗಳು ಫಾಸ್ಫೇಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹುಳಿ ಮಣ್ಣಿನಲ್ಲಿ ಈ ಹಿಡಿತ ಇನ್ನೂ ಹೆಚ್ಚು. ಹಾಕಿದ ಜಾಗದಿಂದ ರಂಜಕ ಕೆಲವೇ ಮಿಲಿಮೀಟರು ಸರಿಯುತ್ತದೆ. ಮೇಲೆ ಎರಚಿದ್ದು ಬೇರಿಗೆ ಸಿಗುವುದು ಕಷ್ಟ.

ಆದುದರಿಂದ ರೈತರು ಹೀಗೆ ಮಾಡಬೇಕು:

1. ಮಳೆ ಆಶ್ರಿತ ರಾಗಿಗೆ ಹೆಕ್ಟೇರಿಗೆ 40 ಕಿ.ಗ್ರಾಂ., ಅಂದರೆ ಎಕರೆಗೆ 16 ಕಿ.ಗ್ರಾಂ. ರಂಜಕ ಶಿಫಾರಸಾಗಿದೆ. ಶೇ. 16ರ ಸೂಪರ್ ಫಾಸ್ಫೇಟ್ ಆದರೆ ಇದು 50 ಕಿ.ಗ್ರಾಂ.ನ ಎರಡು ಮೂಟೆ.

2. ಡಿ.ಎ.ಪಿ. ಆದರೆ ಎಕರೆಗೆ 35 ಕಿ.ಗ್ರಾಂ. ಸಾಕು. ಅದರಲ್ಲಿ 6 ಕಿ.ಗ್ರಾಂ.ಗಿಂತ ತುಸು ಹೆಚ್ಚು ಸಾರಜನಕವೂ ಇರುವುದರಿಂದ ಯೂರಿಯಾವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿರಿ.

3. ಪೂರ್ತಿ ರಂಜಕವನ್ನು ಬಿತ್ತನೆ ಕಾಲದಲ್ಲಿಯೇ ಸಾಲಿನೊಳಗೆ, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ಕೊಡಿರಿ.

4. ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ. ಅದು ಕೊಳೆಯುವಾಗ ಹುಟ್ಟುವ ಆಮ್ಲಗಳು ಮಣ್ಣಿನ ಹಿಡಿತವನ್ನು ಸಡಿಲಿಸುತ್ತವೆ.

ಟೊಮೇಟೊ ಬೆಳೆಯುವವರಿಗೆ ಒಂದು ಎಚ್ಚರಿಕೆ. ಪ್ರತಿ ಬೆಳೆಗೂ ಡಿ.ಎ.ಪಿ. ಸುರಿದರೆ ರಂಜಕ ಮಣ್ಣಿನಲ್ಲಿ ಕೂಡಿಕೊಂಡು, ಪೈರಿಗೆ ಸತುವಿನ ಕೊರತೆ ತರಬಹುದು. ಅಂಥ ಹೊಲಕ್ಕೆ ಗೊಬ್ಬರ ಕಡಿಮೆ ಮಾಡುವುದೇ ಲಾಭ. ನಿಮ್ಮ ಹೊಲ ಯಾವ ಬಗೆಯದೆಂದು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. ಮುಂಗಾರು ಬಿತ್ತನೆಗೆ ಒಂದು ತಿಂಗಳು ಮುಂಚೆಯೇ ಮಣ್ಣಿನ ಮಾದರಿ ತೆಗೆದು, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.