ಬಕೆಟ್ಟೇ ಮದ್ದಳೆ, ಕ್ಯಾಂಪೇ ಕೂಟ

‘ಈ ಬೇಸಿಗೆಗೆ ನಾನು ಕ್ಯಾಂಪ್ ಚಾಪ್ಲಿನ್’ ಎಂದಾಗ ನನ್ನ ಹಳೇ ಕ್ಲಾಸ್‌ಮೇಟ್‌ಗಳು ಕೇಳಿದ್ದು ಒಂದೇ: ‘ಚಾರ್ಲಿ ಚಾಪ್ಲಿನ್ನಾ? ಮೀಸೆ, ಟೋಪಿ ಎಲ್ಲ ಕೊಡ್ತಾರಾ?’ ದೈವಶಾಸ್ತ್ರ ಓದುವವನ ಪಾಡು ಇದು. ಆಸ್ಪತ್ರೆ, ಕಾಲೇಜು, ಶಿಬಿರಗಳಂಥ ಕಡೆ ಜನರ ಜತೆಗಿದ್ದು ಅವರ ಕಷ್ಟಸುಖ ಕೇಳುವ ಧರ್ಮಸೇವಕನೇ ಚಾಪ್ಲಿನ್. ಬೆಳಿಗ್ಗೆ ಪ್ರಾರ್ಥನೆ ಮಾಡಿಸುವುದು ಸುಲಭ. ನಿಜವಾದ ಕೆಲಸ ಶುರುವಾಗುವುದು ರಾತ್ರಿ ಹತ್ತರ ಮೇಲೆ. ಮನೆ ನೆನಪಾಗಿ ಅಳುವವರು, ಹೊಟ್ಟೆನೋವು ಎಂದು ಸುಳ್ಳು ಹೇಳಿ ಮಾತಾಡಲು ಬರುವವರು ಎಲ್ಲರೂ ಆಗಲೇ ‘ಬ್ರದರ್’ ಎಂದು ಬಾಗಿಲು ತಟ್ಟುವುದು.

ಮೂಡಿಗೆರೆ ಸೀಮೆಯ ಕಾಫಿ ತೋಟದ ನಡುವೆ ನಾಲ್ಕು ದಿನಗಳ ಕ್ಯಾಂಪ್. ಹತ್ತನೇ ಕ್ಲಾಸ್ ಮುಗಿಸಿದವರು, ಪಿಯುಸಿಯವರು ಸೇರಿ ಸುಮಾರು ಅರವತ್ತು ಮಂದಿ. ಎರಡನೇ ದಿನವೇ ಎಸ್ಸೆಸ್ಸೆಲ್ಸಿ ರಿಸಲ್ಟ್. ಎತ್ತಿಟ್ಟಿದ್ದ ಮೊಬೈಲ್‌ಗಳನ್ನು ಮಧ್ಯಾಹ್ನ ಅರ್ಧ ಗಂಟೆ ವಾಪಸ್ ಕೊಟ್ಟೆವು. ಅಂಗಳ ತುಂಬ ಕಿರುಚಾಟ. ಒಬ್ಬ ಹುಡುಗ ಮಾತ್ರ ಫೋನನ್ನು ಮೆತ್ತಗೆ ಡಬ್ಬಿಗೆ ಹಾಕಿ ಡಾರ್ಮಿಟರಿಗೆ ಹೋದ. ಗಣಿತದಲ್ಲಿ ಹೋಗಿತ್ತು. ಮನೆಗೆ ಫೋನ್ ಮಾಡಲಿಲ್ಲ, ಊಟಕ್ಕೂ ಬರಲಿಲ್ಲ. ನಾನು ಹೋಗಿ ಪಕ್ಕದ ಮಂಚದ ಮೇಲೆ ಕುಳಿತೆ. ಆಗ ಏನಾದರೂ ಉಪದೇಶ ಮಾಡಿದ್ದರೆ ಅವನು ಗೋಡೆಯ ಕಡೆ ತಿರುಗುತ್ತಿದ್ದ, ಅಷ್ಟೇ.

ಸಂಜೆ ಮಳೆ ಬಂತು. ಕರೆಂಟ್ ಹೋಯಿತು, ಮೊಬೈಲ್ ಸಿಗ್ನಲ್ಲೂ ಹೋಯಿತು. ರಾತ್ರಿಯ ‘ಯೂತ್ ನೈಟ್’ಗೆ ಮಂಗಳೂರಿನಿಂದ ಬರಬೇಕಿದ್ದ ಭಾಷಣಕಾರರು ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಸುದ್ದಿಯನ್ನು ಹಾಲು ತಂದವರು ತಂದರು. ಅವರ ವಿಷಯ ‘ಯಶಸ್ಸಿನ ಏಳು ಮೆಟ್ಟಿಲು’. (ಆ ದಿನಕ್ಕೆ ಆ ಮರ ಬಿದ್ದಿದ್ದೇ ಒಳ್ಳೆಯದಾಯಿತು ಎಂದು ಈಗಲೂ ನನ್ನ ಅಭಿಪ್ರಾಯ.) ಪ್ರೊಜೆಕ್ಟರ್ ಇಲ್ಲ, ಮೈಕ್ ಇಲ್ಲ, ಎರಡು ಎಮರ್ಜೆನ್ಸಿ ಲ್ಯಾಂಪ್ ಮತ್ತು ಎರಡು ಗಂಟೆ ಸಮಯ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಪುತ್ತೂರು ಕಡೆಯವನು. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮೂರಲ್ಲಿ ಮಳೆಗಾಲವೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತನ್ನು ಬರೆದುಕೊಟ್ಟಿರುವುದಿಲ್ಲ, ಆ ಕ್ಷಣಕ್ಕೆ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದೇ ಈ ಅರ್ಥಗಾರಿಕೆಯಿಂದ. ಖರ್ಚೇ ಇಲ್ಲದ ಕಲೆ, ನಮಗೆ ಬೇಕಾದದ್ದೂ ಅದೇ.

ಪ್ರಸಂಗ: ಲೂಕನ ಸುವಾರ್ತೆಯ 15ನೇ ಅಧ್ಯಾಯ, ತಪ್ಪಿಹೋದ ಮಗನ ಕಥೆ. ಕಿರಿಯ ಮಗ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲ ಕಳೆದು, ಹಂದಿ ಮೇಯಿಸಿ, ಮನೆಗೆ ಮರಳುತ್ತಾನೆ. ಅಪ್ಪ ಓಡಿಬಂದು ತಬ್ಬಿಕೊಂಡು ಹಬ್ಬ ಮಾಡುತ್ತಾನೆ. ಮನೆಯಲ್ಲೇ ದುಡಿದ ಹಿರಿಯ ಮಗ ಮುನಿಸಿಕೊಂಡು ಹೊರಗೇ ನಿಲ್ಲುತ್ತಾನೆ. ಕ್ವಯರ್ ಹಾಡುವ ಹುಡುಗ ಭಾಗವತನಾದ. ಬೋರಲು ಹಾಕಿದ ಬಕೆಟ್ ಮದ್ದಳೆ, ಅಡುಗೆಮನೆಯ ಎರಡು ಮುಚ್ಚಳ ತಾಳ.

ಮೊದಲ ಹತ್ತು ನಿಮಿಷ ಬರೀ ನಗು. ಹಿರಿಯ ಮಗನ ಪಾತ್ರಕ್ಕೆ ಕುಳಿತವಳು ಅವತ್ತು 600 ದಾಟಿದ್ದ ಹುಡುಗಿ. ತಮಾಷೆಯಾಗಿಯೇ ಶುರು ಮಾಡಿದಳು, ‘ನನಗೆ ಒಂದು ಆಡಿನಮರಿಯನ್ನೂ ಕೊಡಲಿಲ್ಲ’ ಎಂದು. ಆಮೇಲೆ ದನಿ ಬದಲಾಯಿತು: ‘ಅಪ್ಪಾ, ಗೆದ್ದು ಬಂದಾಗಲೆಲ್ಲ ಈ ಮನೆಯ ಬಾಗಿಲು ತೆರೆದೇ ಇತ್ತು. ಒಂದು ಸಲ ನಾನು ಸೋತು ಬಂದರೆ ತೆರೀತೀಯಾ? ಅದು ಗೊತ್ತಿಲ್ಲದೆ ನಾನು ಒಳಗೆ ಬರುವುದು ಹೇಗೆ?’

ಅಪ್ಪನ ಪಾತ್ರದವನಿಗೆ ಉತ್ತರ ಹೊಳೆಯಲಿಲ್ಲ. ಮಳೆಯ ಸದ್ದಷ್ಟೇ ಕೇಳುತ್ತಿತ್ತು. ಆಗ ಹಿಂದಿನ ಸಾಲಿನಿಂದ, ಯಾರೂ ಕರೆಯದೆ, ಗಣಿತದ ಹುಡುಗ ಎದ್ದು ಬಂದ. ‘ಅಪ್ಪ ನಾನು ಆಗ್ತೇನೆ’ ಎಂದು ಚಾಪೆಯ ಮೇಲೆ ಕುಳಿತ.

‘ಮಗನೇ, ನಾನು ದಾರಿ ನೋಡುತ್ತಾ ನಿಂತದ್ದು ಲೆಕ್ಕ ಕೇಳಲಿಕ್ಕಲ್ಲ. ಲೆಕ್ಕ ನಮ್ಮ ವಂಶಕ್ಕೇ ಬರುವುದಿಲ್ಲ!’ ಹಾಲ್ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಮತ್ತೆ ನಿಧಾನ ಹೇಳಿದ: ‘ಅವನಿಗೆ ತೆರೆದ ಬಾಗಿಲೇ ನಿನಗೂ. ನೀನು ಸೋಲುವವರೆಗೆ ಕಾಯಬೇಡ, ಈಗಲೇ ಬಾ. ಅನ್ನ ಆರ್ತದೆ.’

ಬೈಬಲಿನಲ್ಲಿ ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಹೇಳಿಲ್ಲ. ಅದರ ಮೇಲೆ ಮಕ್ಕಳು ಎರಡು ಪಕ್ಷವಾಗಿ ಲ್ಯಾಂಪಿನ ಚಾರ್ಜ್ ಮುಗಿಯುವ ತನಕ ವಾದಿಸಿದರು. ನಾನು ಸಿದ್ಧಮಾಡಿಕೊಂಡಿದ್ದ ಮುಕ್ತಾಯದ ಪ್ರಾರ್ಥನೆಗೆ ಜಾಗವೇ ಸಿಗಲಿಲ್ಲ.

ಬೇಸಿಗೆ ಶಿಬಿರಗಳಿಗೆ ಸ್ವಯಂಸೇವಕರಾಗಿ ಹೋಗುವ ಗೆಳೆಯರಿಗೆ ಒಂದು ಮಾತು. ‘ನಿನ್ನ ಭಯ ಹೇಳು’ ಎಂದರೆ ಹದಿನಾರರ ಹುಡುಗರು ಬಾಯಿಬಿಡುವುದಿಲ್ಲ. ಬೇರೆ ಯಾರದೋ ಪಾತ್ರ ಕೊಡಿ, ತಮ್ಮದನ್ನೇ ಹೇಳುತ್ತಾರೆ. ಹಾಗೆ ಹೇಳಿದ್ದನ್ನು ಮರುದಿನ ಕೆದಕಬೇಡಿ.

ನಾನೂ ಕೆದಕಲಿಲ್ಲ. ಬೆಳಿಗ್ಗೆ ಅವನೇ ಬಂದು, ‘ಬ್ರದರ್, ಪರೀಕ್ಷೆ-2 ಯಾವಾಗ?’ ಎಂದ. ಈಗ ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ವರ್ಷ ಹಾಳಾಗಬೇಕಿಲ್ಲ ಎಂದು ಗೊತ್ತಿದ್ದಷ್ಟು ಹೇಳಿದೆ. ಸಿಗ್ನಲ್ ಸಿಗುವ ಗುಡ್ಡಕ್ಕೆ ಇಬ್ಬರೂ ಜಿಗಣೆ ಕೀಳುತ್ತಾ ಹತ್ತಿದೆವು. ಅವನು ಮನೆಗೆ ಫೋನ್ ಹಚ್ಚಿದ, ನಾನು ದೂರ ನಿಂತೆ. ಹತ್ತು ನಿಮಿಷದ ಮೇಲೆ ಬಂದು ಫೋನ್ ಕೊಟ್ಟ.

‘ಅಪ್ಪ ಬಸ್ಸಿಗೆ ಬರಬೇಡ ಅಂದರು. ಶನಿವಾರ ಅವರೇ ಬರ್ತಾರಂತೆ, ಕರಕೊಂಡು ಹೋಗ್ಲಿಕ್ಕೆ.’